ಸಂಪಾದಕರ ಉತ್ತರ: ಪ್ಯಾರಿಸ್ಸಿನ ಒಲೆ, ಕ್ಲಾಮ್ಸಿಯ ಸೌದೆ

ದಾವಣಗೆರೆಯ ಓದುಗರೊಬ್ಬರು ಬರೆಯುತ್ತಾರೆ: ‘ಫ್ರೆಂಚ್ ಲೇಖಕ ರೊಮೈನ್ ರೋಲಾ ಹುಟ್ಟಿದೂರು ಎಂಬ ನೆಪದಲ್ಲಿ ಕಳೆದ ಸಂಚಿಕೆಯಲ್ಲಿ ಫ್ರಾನ್ಸಿನ ಕ್ಲಾಮ್ಸಿಗೆ ಎರಡು ಪುಟ ಕೊಟ್ಟಿದ್ದೀರಿ. ನಾಲ್ಕು ಸಾವಿರ ಜನ ದಾಟದ ಊರು. ಸೌದೆಯನ್ನು ಹೊಳೆಗೆಸೆದರೆ ತಾನೇ ತೇಲಿ ಹೋಗುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ? ಪ್ಯಾರಿಸ್ ಬಗ್ಗೆ, ಸೇನ್ ನದಿಯ ಬಗ್ಗೆ ಬರೆಯಬಹುದಿತ್ತಲ್ಲ?’

ಪ್ಯಾರಿಸ್ಸಿಗೆ ಸಲ್ಲಬೇಕಾದ್ದು ಸಲ್ಲಲಿ. ಕ್ಲಾಮ್ಸಿಯಿಂದ ಪ್ಯಾರಿಸ್ಸಿಗೆ ತೇಲಿಬಿಡುತ್ತಿದ್ದ ಸೌದೆಗೆ ಹಣ ಹೂಡಿದವರು ಪ್ಯಾರಿಸ್ಸಿನ ವರ್ತಕರು, ಗಿರಾಕಿಯೂ ಆ ಊರೇ. ಆದರೆ ‘ತಾನೇ ತೇಲಿ ಹೋಗುತ್ತದೆ’ ಎಂದಿರಲ್ಲ, ಅದನ್ನು ಹಾಗೇ ಬಿಡಲಾರೆವು.

ಹಸಿ ಬೀಚ್ ಮರ ಹೆಚ್ಚುಕಡಿಮೆ ನೀರಿನಷ್ಟೇ ತೂಕ. ಅದಕ್ಕೇ ಕ್ಲಾಮ್ಸಿಗಿಂತ ಮೇಲಿರುವ ಮೊರ್ವಾಂ ಬೆಟ್ಟಗಳಲ್ಲಿ ಚಳಿಗಾಲಕ್ಕೆ ಕಡಿದ ಮರವನ್ನು 1.14 ಮೀಟರ್ ತುಂಡು ಮಾಡಿ ಒಂದು ಬೇಸಿಗೆಯಾದರೂ ಒಣಗಿಸುತ್ತಿದ್ದರು. ತುಂಡಿನ ತುದಿಗೆ ವರ್ತಕನ ಗುರುತನ್ನು ಸುತ್ತಿಗೆಯಿಂದ ಒತ್ತಿ, ಮೇಲಿನ ಕೆರೆಗಳ ತೂಬೆತ್ತಿ, ಬಿಡಿಬಿಡಿಯಾಗಿ ಹಳ್ಳಕ್ಕೆ ಸುರಿಯುತ್ತಿದ್ದರು. ದಡದುದ್ದಕ್ಕೂ ಕೊಕ್ಕೆ ಹಿಡಿದವರು ನಿಲ್ಲದಿದ್ದರೆ ಮೊದಲ ತಿರುವಿನಲ್ಲೇ ರಾಶಿ ಕಟ್ಟಿಕೊಳ್ಳುತ್ತಿತ್ತು. ನೀರು ಕುಡಿದು ತಳ ಸೇರಿದ ತುಂಡಿಗೆ ಅವರ ಮಾತಿನಲ್ಲಿ ‘ಬಾತುಕೋಳಿ’ ಎಂದು ಹೆಸರು. ಅದನ್ನು ಆಮೇಲೆ ಹೆಕ್ಕಿ ತೆಗೆದು ಮತ್ತೆ ಒಣಗಿಸಬೇಕು.

ಕ್ಲಾಮ್ಸಿ ಇರುವುದು ಯೊನ್ ನದಿಗೆ ಬೊವ್ರೋಂ ಹೊಳೆ ಸೇರುವಲ್ಲಿ. ಅಲ್ಲಿಂದ ಮುಂದೆ ತೆಪ್ಪ ಹಾಯುವಷ್ಟು ನದಿ ಅಗಲವಾಗುತ್ತದೆ. ಈ ಊರಿನ ಚರಿತ್ರೆಯೆಲ್ಲ ಆ ಅಗಲದಿಂದ ಹುಟ್ಟಿದ್ದು. ಸೌದೆಯನ್ನು ಅಡ್ಡಗಟ್ಟಿ ದಡಕ್ಕೆಳೆದು, ಗುರುತು ನೋಡಿ ಬೇರ್ಪಡಿಸಿ ಪೇರಿಸುವುದು. ಆಮೇಲೆ ತಿರುಚಿದ ಎಳೆಯ ಕೊಂಬೆಗಳಿಂದ ಬಿಗಿದು ತೆಪ್ಪ ಕಟ್ಟುವುದು. ಒಂದೊಂದು ಕಂತೆ ನಾಲ್ಕು ತುಂಡು ಉದ್ದದಷ್ಟು, ಅಂದರೆ ಸುಮಾರು 4.5 ಮೀಟರ್ ಅಗಲ. ಇಂಥ 18 ಕಂತೆಗಳನ್ನು ಸಾಲಾಗಿ ಜೋಡಿಸಿದರೆ 72 ಮೀಟರ್ ಉದ್ದ, ಹತ್ತಿರಹತ್ತಿರ 200 ಘನ ಮೀಟರ್ ಸೌದೆ. ಒಂದೇ ಗಟ್ಟಿ ಹಲಗೆಯಂತೆ ಬಿಗಿದರೆ ತಿರುವಿನಲ್ಲಿ ಮುರಿಯುತ್ತದೆ. ಕಂತೆಗಳ ನಡುವೆ ಬಳುಕು ಬಿಡಲೇಬೇಕು.

ದಾರಿಯ ಕಟ್ಟೆಗಳಲ್ಲಿ ನೀರು ತುಂಬಿಸಿ ಒಮ್ಮೆಲೇ ಬಿಡುತ್ತಿದ್ದರು. ತೆಪ್ಪ ಆ ಅಲೆಯ ಮೇಲೇ ಸಾಗಬೇಕು. ಅಲೆ ತಪ್ಪಿತೋ, ಮುಂದಿನದು ಬರುವ ತನಕ ಮರಳಿನ ಮೇಲೆ ಕೂತಿರಬೇಕು. ಸೇತುವೆಯ ಕಂಬಕ್ಕೆ ಬಡಿದರೆ ಕಟ್ಟು ಬಿಚ್ಚಿ ಸೌದೆಯೆಲ್ಲ ಹೊಳೆಪಾಲು. ಪ್ಯಾರಿಸ್ ಮುಟ್ಟಲು ಸುಮಾರು ಹನ್ನೊಂದು ದಿನ. ವಾಪಸು ಸುಮಾರು 200 ಕಿ.ಮೀ. ಕಾಲ್ನಡಿಗೆ. (ಇಷ್ಟಾಗಿ, ನೆಂದ ಸೌದೆಯ ಬೂದಿಯಲ್ಲಿ ಕ್ಷಾರ ಉಳಿಯದು, ಬಟ್ಟೆ ಒಗೆಯಲು ಬಾರದು ಎಂಬ ಗೊಣಗಾಟ ಬೇರೆ.)

ಇಂಥ ಊರಿನ ಸೇತುವೆಯ ಮೇಲೆ 1828ರಲ್ಲಿ ಯಾರ ಪ್ರತಿಮೆ ನಿಂತಿತು ಗೊತ್ತೇ? ಪ್ಯಾರಿಸ್ಸಿನ ವರ್ತಕ ಝಾನ್ ರೂವೆಯದು! ಹದಿನಾರನೇ ಶತಮಾನದಲ್ಲಿ ಈ ವಿದ್ಯೆ ಕಂಡುಹಿಡಿದವನು ಅವನೇ ಎಂದು ಬಹುಕಾಲ ಹೇಳಿಕೊಂಡು ಬಂದರು. ಆದರೆ ಮೊದಲ ತೆಪ್ಪ 1547ರಲ್ಲೇ ಪ್ಯಾರಿಸ್ ತಲುಪಿತ್ತು, ತಂದವನು ಶಾರ್ಲ್ ಲಕೋಂತ್. ಚಳಿಯಲ್ಲಿ ಸೊಂಟಮಟ್ಟ ನೀರಿಗಿಳಿದವರ ಹೆಸರನ್ನಂತೂ ಯಾರೂ ಬರೆದಿಡಲಿಲ್ಲ. 1851ರ ಡಿಸೆಂಬರಿನಲ್ಲಿ ಫ್ರಾನ್ಸಿನ ಅಧ್ಯಕ್ಷ ಲೂಯಿ ನೆಪೋಲಿಯನ್ ಪೂರ್ತಿ ಅಧಿಕಾರ ಕಬಳಿಸಿದಾಗ ಕ್ಲಾಮ್ಸಿ ದಂಗೆಯೆದ್ದಿತು, ತೆಪ್ಪಗಾರರೂ ಬೀದಿಗಿಳಿದರು. ಅವರ ಹೆಸರು ಸರ್ಕಾರಿ ಕಡತ ಸೇರಿದ್ದು ಆಗ, ಗಡಿಪಾರಿನ ಪಟ್ಟಿಗಳಲ್ಲಿ.

ರೋಲಾ ಹುಟ್ಟಿದ್ದು 1866ರಲ್ಲಿ. ಗಾಂಧಿ, ರಾಮಕೃಷ್ಣ, ವಿವೇಕಾನಂದರ ಜೀವನಚರಿತ್ರೆಕಾರನೆಂದು ನಾವು ಬಲ್ಲ ಆತ ಹುಡುಗನಾಗಿದ್ದಾಗಲೇ ಕೊನೆಯ ತೆಪ್ಪಗಳು ಹೋದವು. ಕಲ್ಲಿದ್ದಲು, ರೈಲು, ಕಾಲುವೆಯ ದೋಣಿ ಮೂರೂ ಸೇರಿ ಆ ಕಸುಬನ್ನು ಮುಗಿಸಿದವು. ಬಿಡಿ ಸೌದೆ ಮಾತ್ರ 1923ರವರೆಗೂ ತೇಲಿತು.

ನೀವು ಭೂಗೋಳ ಬಲ್ಲವರೆಂದು ಕಾಗದದಿಂದಲೇ ತಿಳಿಯುತ್ತದೆ, ಆದ್ದರಿಂದ ಸೇನ್ ನದಿಯ ಮಾತಿಗೆ ಬರೋಣ. ಪ್ಯಾರಿಸ್ಸಿಗಿಂತ ಮೇಲೆ, ಮೋಂತ್ರೋ ಎಂಬ ಊರಿನಲ್ಲಿ ಯೊನ್ ಮತ್ತು ಸೇನ್ ಕೂಡುತ್ತವೆ. ಅಲ್ಲಿ ಯೊನ್ ತರುವ ನೀರು ಸರಾಸರಿ ಸೆಕೆಂಡಿಗೆ ಸುಮಾರು 93 ಘನ ಮೀಟರ್, ಸೇನ್‌ದು ಸುಮಾರು 80. ಹೆಚ್ಚು ನೀರಿನ ನದಿಗೇ ಹೆಸರು ಎಂಬ ಲೆಕ್ಕ ಹಿಡಿದರೆ ಐಫೆಲ್ ಗೋಪುರ ನಿಂತಿರುವುದು ಯೊನ್ ದಡದಲ್ಲಿ. ನಮ್ಮ ಪ್ರವಾಸ ಕಥನಗಳು ಆ ಗೋಪುರದ ಬುಡದಲ್ಲಿ ಫೋಟೊ ತೆಗೆಸಿಕೊಂಡು ವಿಮಾನ ಹತ್ತುತ್ತವೆ. ಕೆಳಗಿನ ನೀರು ಎಲ್ಲಿಂದ ಬಂತು, ಆ ಊರು ಮುನ್ನೂರು ವರ್ಷ ಯಾರ ಸೌದೆಯಲ್ಲಿ ಮೈ ಕಾಯಿಸಿಕೊಂಡಿತು ಎಂದು ಕೇಳಿದ ಒಂದು ಲೇಖನವನ್ನು ತೋರಿಸಿ, ಚಂದಾ ಹಣ ಹಿಂದಿರುಗಿಸುತ್ತೇವೆ.

ನೀವು ಕೇಳಿದ ಸೇನ್ ಲೇಖನವನ್ನೂ ಬರೆಸೋಣ. ಮೋಂತ್ರೋದಿಂದ ಶುರು.