ಭಾಷಣಕ್ಕೆ ಓಡುವ ಜನ ಗ್ರಾಮಸಭೆಗೆ ಯಾಕೆ ಬರಲ್ಲ?

ಪ್ರಶ್ನೆ: ಅಕ್ಕಾ, ನನಗೆ 23 ವರ್ಷ. ಮುಂದಿನ ಸಲ ಪಂಚಾಯ್ತಿಗೆ ನಿಲ್ಲಬೇಕು ಅಂತಿದ್ದೇನೆ. ದೊಡ್ಡ ಲೀಡರ್ ಬಂದರೆ ನಮ್ಮೂರ ಹುಡುಗರು ಟ್ರ್ಯಾಕ್ಟರ್ ತುಂಬಿಕೊಂಡು ಹೋಗುತ್ತಾರೆ. ಗ್ರಾಮಸಭೆಗೆ ಹತ್ತು ಜನ ಸೇರಲ್ಲ. ಜನರನ್ನು ಸೆಳೆಯುವ ಮಾತು ಕಲಿಯುವುದು ಹೇಗೆ?
– ಓದುಗ, ಸಿಂಧನೂರು ತಾಲ್ಲೂಕು

ಉತ್ತರ: ತಮ್ಮಾ, ಮಾತಿಗೆ ಜನ ಸೇರುತ್ತಾರೆ, ಸುಳ್ಳಲ್ಲ. 1999ರಲ್ಲಿ ನಾನು ಬಳ್ಳಾರಿಯಲ್ಲಿ ಓದುತ್ತಿದ್ದೆ. ಲೋಕಸಭೆಗೆ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರು ನಿಂತಿದ್ದರು. ಸುಷ್ಮಾ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ಅವರಿಗೆ ಓಟು ಹಾಕದವರೂ ನಿಂತು ಕೇಳಿದರು. ನಮ್ಮ ಹಾಸ್ಟೆಲ್ಲಿನ ಅಡುಗೆಯವರು ಒಲೆ ಆರಿಸಿ ಹೋಗಿಬಿಟ್ಟರು. ಆ ರಾತ್ರಿ ನಮಗೆ ಮಂಡಾಳೊಗ್ಗರಣೆಯೇ ಊಟ! ಸುಷ್ಮಾ ಸುಮಾರು 56 ಸಾವಿರ ಓಟಿನಿಂದ ಸೋತರು. ಗೆದ್ದ ಸೋನಿಯಾ ಅಮೇಠಿ ಉಳಿಸಿಕೊಂಡು ಬಳ್ಳಾರಿ ಬಿಟ್ಟರು. ಅಷ್ಟು ದೊಡ್ಡ ಜಾತ್ರೆ ನಡೆಯಿತು, ನಮ್ಮ ಓಣಿಯ ಚರಂಡಿ ಹಂಗೇ ಇತ್ತು.

ನಾನು ನೆನೆಯುವ ಲೀಡರ್ ಬೇರೆ. ಎಂಬತ್ತರ ದಶಕದಲ್ಲಿ ನಮ್ಮ ರಾಜ್ಯದ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡವರು. ನನಗೆ ಬೋರ್‌ವೆಲ್ಲಿಗಿಂತ ಅವರು ತಂದ 1983ರ ಕಾಯ್ದೆ ದೊಡ್ಡದು. ಜಿಲ್ಲಾ ಪರಿಷತ್ತು, ಕೆಲವು ಹಳ್ಳಿ ಸೇರಿಸಿದ ಮಂಡಲ ಪಂಚಾಯ್ತಿ ಬಂದಿದ್ದು ಅದರಿಂದ. ಹೆಂಗಸರಿಗೆ ನೂರಕ್ಕೆ 25 ಸೀಟು. 1987ರಲ್ಲಿ ಚುನಾವಣೆ ಆಯಿತು.

ನಮ್ಮ ಚಿಕ್ಕಮ್ಮ ಆಗ ಮಂಡಲ ಪಂಚಾಯ್ತಿ ಮೆಂಬರ್ ಆದಳು. ಮೊದಲ ಮೂರು ಮೀಟಿಂಗಿಗೆ ಚಿಕ್ಕಪ್ಪನೇ ಹೋಗಿ ಕುರ್ಚಿ ಮೇಲೆ ಕೂತು ಚಹಾ ಕುಡಿದು ಬಂದ. ನಮ್ಮ ಓಣಿಯ ಹ್ಯಾಂಡ್‌ಪಂಪು ಇನ್ನೊಂದು ಓಣಿಗೆ ಹೋಗುತ್ತದೆ ಅಂತ ಗೊತ್ತಾದಾಗ ನಾಲ್ಕನೆಯದಕ್ಕೆ ಚಿಕ್ಕಮ್ಮ ತಾನೇ ಹೋದಳು. ಕೊಡ ಹೊರುವವಳು ಅವಳಲ್ವಾ? ಭಾಷಣಗೀಷಣ ಏನಿಲ್ಲ. "ಪಂಪು ನಮ್ಮ ಓಣಿಗೆ ಅಂತ ಬರೀರಿ, ಬರೆಯೋತನಕ ನಾ ಏಳಂಗಿಲ್ಲ" ಅಂದಳಂತೆ. ಬರೆದರು.

ನಿಮ್ಮೂರಿನ ಜನಕ್ಕೆ ಗ್ರಾಮಸಭೆಗೆ ಹೋದರೂ ಏನೂ ಆಗಲ್ಲ ಅನ್ನಿಸಿರಬೇಕು. ನಮ್ಮೂರಲ್ಲೂ ಒಂದು ಸಲ ಹಾಜರಿ ಪುಸ್ತಕ ಮನೆಗೇ ಬಂತು. ರೊಟ್ಟಿ ಬಡಿಯುತ್ತಿದ್ದ ಅಮ್ಮ ಹಿಟ್ಟಿನ ಕೈಯಲ್ಲೇ ಸಹಿ ಹಾಕಿದಳು. ಸಭೆ ಮುಗಿಯಿತು! ಈಗಿನ ಕಾಯ್ದೆ ಪ್ರಕಾರ ಕೋರಂ, ಅಂದರೆ ಸಭೆ ನಡೆಸಲು ಇರಲೇಬೇಕಾದ ಜನ, ಮತದಾರರಲ್ಲಿ ಹತ್ತನೇ ಒಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು. ಅವರು ಪುಸ್ತಕದಲ್ಲಲ್ಲ, ಎದುರಿಗೆ ಇರಬೇಕು.

ನೀನು ಮೆಂಬರ್ ಆಗುವತನಕ ಕಾಯಬೇಡ, ಮತದಾರ ಆದರೆ ಸಾಕು. ಹೋದ ಸಭೆಯ ಠರಾವು ಗಟ್ಟಿಯಾಗಿ ಓದಿಸು. ಯಾವುದು ಆಯ್ತು, ಯಾವುದು ಆಗಲಿಲ್ಲ ಕೇಳು. ಕಾಲುವೆಗೆ ನೀರು ಬಿಟ್ಟು ನಾಟಿ ನಡೆಯುವಾಗ ಸಭೆ ಇಟ್ಟರೆ ನಿಮ್ಮ ಕಡೆ ಯಾರು ಬರುತ್ತಾರೆ? ನಾಟಿ ಮುಗಿಯಲಿ ಅಂತ ಮೊದಲೇ ಹೇಳು. ಹಿಂದಿನ ದಿನ ಡಂಗುರ ಹೊಡೆಸು. ಹೆಂಗಸರಿಗೆ ಮುಂದೆ ಜಮಖಾನೆ ಹಾಸಿಸು, ಬಾಗಿಲ ಹತ್ತಿರ ಅಲ್ಲ. ಮೈಕು ಸಿಕ್ಕರೆ ಮೊದಲು ಅವರ ಕೈಗೆ ಕೊಡು.