ಬೆಣ್ಣೆ ಮರದ್ದಲ್ಲ: ಪೀಪಾಯಿ ಶಾರ್ಡೊನೆ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಇಲ್ಲಿ ಸಿಗುವ ಸೊನೋಮಾದ ಶಾರ್ಡೊನೆಯಲ್ಲಿ (ಅದೇ ಹೆಸರಿನ ದ್ರಾಕ್ಷಿಯ ಬಿಳಿ ವೈನ್) ಬೆಣ್ಣೆಯ ವಾಸನೆ ಬರುತ್ತದೆ. ಓಕ್ ಮರದ ವಾಸನೆ ಎನ್ನುತ್ತಾರಲ್ಲ, ಅದು ಇದೇನಾ?
– ಓದುಗರೊಬ್ಬರು, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಉತ್ತರ: ಅಲ್ಲ. ಬೆಣ್ಣೆಯ ವಾಸನೆ ಡೈಅಸಿಟೈಲ್ ಎಂಬ ರಾಸಾಯನಿಕದ್ದು. ಯೀಸ್ಟ್ ಸಕ್ಕರೆಯನ್ನು ತಿಂದು ಮುಗಿಸಿದ ಮೇಲೆ ಈನೊಕಾಕಸ್ ಈನೈ ಎಂಬ ಬ್ಯಾಕ್ಟೀರಿಯಾ ಕೆಲಸಕ್ಕೆ ಇಳಿಯುತ್ತದೆ. ಹಸಿ ಸೇಬಿನಲ್ಲಿರುವಂಥ ಚುರುಕು ಹುಳಿಯನ್ನು, ಅಂದರೆ ಮ್ಯಾಲಿಕ್ ಆಮ್ಲವನ್ನು, ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವಾಗಿ ಮಾಡುತ್ತದೆ. ಬೆಣ್ಣೆ ವಾಸನೆ ಹುಟ್ಟುವುದು ಆಗ. ಇದಕ್ಕೆ ಮರವೇ ಬೇಕೆಂದಿಲ್ಲ, ಸ್ಟೀಲ್ ಟ್ಯಾಂಕಿನಲ್ಲೂ ಆಗುತ್ತದೆ. ಮರ ಕೊಡುವುದು ವೆನಿಲ್ಲಾ, ಲವಂಗ, ತೆಂಗಿನಕಾಯಿ, ಸುಟ್ಟ ಹೊಗೆ ಇಂಥವನ್ನು. ತೆಂಗಿನಕಾಯಿ ಜೋರಾಗಿದ್ದರೆ ಅಮೆರಿಕದ ಓಕ್ ಇರಬಹುದೆಂದು ಊಹಿಸಬಹುದು. ಬ್ರೆಡ್ಡಿನ ಹಿಟ್ಟಿನಂಥ ವಾಸನೆ ಇದೆಯಲ್ಲ, ಅದು ಮೂರನೆಯದು: ತಳದಲ್ಲಿ ಕೂತ ಸತ್ತ ಯೀಸ್ಟಿನ ಗಸಿಯದು.

ಪ್ರಶ್ನೆ: ನಂದಿಬೆಟ್ಟದ ತಪ್ಪಲಿನಲ್ಲಿ ನಮ್ಮದೊಂದು ಸಣ್ಣ ವೈನರಿ. ಶಾರ್ಡೊನೆಯನ್ನು ಟ್ಯಾಂಕಿನಲ್ಲಿ ಹುದುಗಿಸಿ, ಸೋಸಿ, 228 ಲೀಟರಿನ ಎರಡು ಹೊಸ ಫ್ರೆಂಚ್ ಓಕ್ ಪೀಪಾಯಿಗೆ ತುಂಬಿದೆವು. ಆರು ತಿಂಗಳಿಗೆ ಮರದ ರುಚಿ ಬೇರೆಯೇ ನಿಂತಿತು, ಬಣ್ಣವೂ ಕಂದಿತು. ಎಲ್ಲಿ ತಪ್ಪಿದೆವು?
– ಚಿಕ್ಕಬಳ್ಳಾಪುರ ಜಿಲ್ಲೆಯ ಓದುಗರು

ಉತ್ತರ: ಸೋಸಿದ್ದೇ ತಪ್ಪು. ಹುದುಗುವ ಕೆಲಸ ಪೀಪಾಯಿಯೊಳಗೇ ನಡೆಯಬೇಕು. ಆಗ ಯೀಸ್ಟ್ ಮರದಿಂದ ಬರುವ ವೆನಿಲಿನ್ನಿನ (ವೆನಿಲ್ಲಾ ವಾಸನೆಯ ವಸ್ತು) ಒಂದು ಪಾಲನ್ನು ವಾಸನೆ ಕಡಿಮೆ ಇರುವ ರೂಪಕ್ಕೆ ತಿರುಗಿಸುತ್ತದೆ, ಮರದ ಒಗರನ್ನೂ ತನಗೆ ಅಂಟಿಸಿಕೊಂಡು ತಳಕ್ಕೆ ಒಯ್ಯುತ್ತದೆ. ಆ ಗಸಿ ಮುಂದೆ ಆಮ್ಲಜನಕವನ್ನೂ ಹೀರುತ್ತದೆ. ನೀವು ಕಾವಲಿಲ್ಲದ ತಿಳಿ ವೈನನ್ನು ಹೊಸ ಮರಕ್ಕೆ ಒಡ್ಡಿದಿರಿ.

ಮುಂದಿನ ಕೊಯ್ಲಿಗೆ ಹೀಗೆ ಮಾಡಿ. ಪೀಪಾಯಿಗೆ 15–20 ಲೀಟರ್ ಬಿಸಿನೀರು ಹಾಕಿ, ಬಿರಡೆ ಬಿಗಿದು ಉರುಳಿಸಿ. ಎರಡೂ ತಲೆಯ ಮೇಲೆ ಒಂದೊಂದು ಸಲ ನಿಲ್ಲಿಸಿ ಸೋರಿಕೆ ನೋಡಿ. ನೀರನ್ನು ಎರಡು ದಿನಕ್ಕಿಂತ ಹೆಚ್ಚು ಬಿಡಬೇಡಿ, ಕೊಳೆತ ವಾಸನೆ ಹಿಡಿಯುತ್ತದೆ. ಹಿಂಡಿದ ರಸವನ್ನು 10–12 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟು, ಮೇಲಿನ ತುಸು ಮಬ್ಬಾದ ರಸವನ್ನು ತೆಗೆಯಿರಿ. ತೀರಾ ತಿಳಿಯಾದರೆ ಹುದುಗು ನಡುದಾರಿಯಲ್ಲಿ ನಿಲ್ಲುತ್ತದೆ, ತೀರಾ ಬಗ್ಗಡವಾದರೆ ಕೊಳೆತ ಮೊಟ್ಟೆಯ ವಾಸನೆ. ನೊರೆಗೆ ಜಾಗ ಬೇಕು, ಆದ್ದರಿಂದ ಒಂದು ಪೀಪಾಯಿಗೆ 200 ಲೀಟರಿಗಿಂತ ಹೆಚ್ಚು ಬೇಡ. ರಸ 18–22 ಡಿಗ್ರಿಯಲ್ಲಿರಲಿ. 25 ದಾಟಿದರೆ ಹಣ್ಣಿನ ಪರಿಮಳ ಹಾರಿಹೋಗುತ್ತದೆ.

ಸಕ್ಕರೆ ಲೀಟರಿಗೆ 2 ಗ್ರಾಮಿಗಿಂತ ಕೆಳಗಿಳಿದ ಕೂಡಲೇ ಅದೇ ವೈನಿನಿಂದ ಬಾಯಿಮಟ್ಟ ತುಂಬಿ. ಬಹಳ ಕಡೆ ಎಡವುವುದು ಇಲ್ಲೇ. ಮರ ಉಸಿರಾಡುತ್ತದೆ, ವೈನ್ ಆವಿಯಾಗುತ್ತದೆ, ಖಾಲಿಯಾದ ಜಾಗದಲ್ಲಿ ವಿನೆಗರಿನ ಬ್ಯಾಕ್ಟೀರಿಯಾ ಬೀಡು ಬಿಡುತ್ತದೆ. ವಾರಕ್ಕೊಮ್ಮೆ, ತಪ್ಪಿದರೆ ಹತ್ತು ದಿನಕ್ಕೊಮ್ಮೆ, ತುಂಬಲೇಬೇಕು. ನಮ್ಮ ಬೇಸಿಗೆಗೆ ತಂಪು ಕೋಣೆ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. 12–16 ಡಿಗ್ರಿ ಇದ್ದರೆ ಒಳ್ಳೆಯದು. ಗಸಿಯನ್ನು ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಕೋಲಿನಿಂದ ಮೆಲ್ಲಗೆ ಕಲಕಿ, ಆಮೇಲೆ ಕಡಿಮೆ ಮಾಡಿ. ಪ್ರತಿ ಸಲ ಕಲಕುವಾಗಲೂ ಒಂದಿಷ್ಟು ಗಾಳಿ ಒಳಗೆ ಹೋಗುತ್ತದೆ.

ಮ್ಯಾಲಿಕ್ ಹುಳಿಯ ಪರಿವರ್ತನೆ ಬೇಕೇ ಎಂಬುದನ್ನು ಪಿಎಚ್ (ಹುಳಿಯ ಅಳತೆ, ಅಂಕಿ ಏರಿದಷ್ಟೂ ಹುಳಿ ಕಡಿಮೆ) ನೋಡಿ ತೀರ್ಮಾನಿಸಿ. ಬಿಸಿಲಿನಲ್ಲಿ ಮಾಗಿದ ಹಣ್ಣಿನಲ್ಲಿ ಮ್ಯಾಲಿಕ್ ಮೊದಲೇ ಕರಗಿರುತ್ತದೆ. ಪಿಎಚ್ 3.5 ಆಗಿದ್ದರೆ ಆ ಬ್ಯಾಕ್ಟೀರಿಯಾವನ್ನು ಕರೆಯದಿರುವುದೇ ಲೇಸು: ಹುದುಗು ಮುಗಿದೊಡನೆ ವೈನ್ ಕೆಡದಂತೆ ಕಾಯುವ ಸಲ್ಫರ್ ಡೈಆಕ್ಸೈಡ್ ಹಾಕಿ. ಪಿಎಚ್ 3.2ರಲ್ಲಿ ಲೀಟರಿಗೆ 20 ಮಿಲಿಗ್ರಾಂ ಮುಕ್ತ ಸಲ್ಫರ್ ಡೈಆಕ್ಸೈಡ್ ಕೊಡುವ ರಕ್ಷಣೆಗೆ 3.5ರಲ್ಲಿ ಸುಮಾರು 40 ಬೇಕಾಗುತ್ತದೆ. ಬಣ್ಣ ಕಂದಿದ್ದಕ್ಕೆ ಇದೂ ಒಂದು ಕಾರಣವಿರಬಹುದು, ಅಳೆದು ನೋಡಿ. ಪರಿವರ್ತನೆ ಬೇಕೆಂದರೆ ಕೋಣೆ 18–20 ಡಿಗ್ರಿಯಲ್ಲಿರಬೇಕು, ಅದು ಮುಗಿಯುವ ತನಕ ಸಲ್ಫರ್ ಡೈಆಕ್ಸೈಡ್ ಮುಟ್ಟಬಾರದು.

ಇನ್ನೊಂದು ಮಾತು: ಇಡೀ ವೈನನ್ನು ಹೊಸ ಮರಕ್ಕೆ ಕೊಡಬೇಡಿ. ಎರಡು ಪೀಪಾಯಿ ಅಂದರೆ 456 ಲೀಟರ್. ಅದನ್ನು ಟ್ಯಾಂಕಿನ ವೈನಿನೊಂದಿಗೆ ಬೆರೆಸಿ ಒಟ್ಟು 1,500 ಲೀಟರ್ ಮಾಡಿದರೆ ಹೊಸ ಮರದ ಪಾಲು ಶೇ 30. ಅಷ್ಟು ಸಾಕು. ಪೀಪಾಯಿ ಖಾಲಿ ಇರುವಾಗ ಒಳಗೆ 10 ಗ್ರಾಂ ಗಂಧಕ ಉರಿಸಿ ಬಿರಡೆ ಹಾಕಿ, ಮೂರು–ನಾಲ್ಕು ವಾರಕ್ಕೊಮ್ಮೆ ಮತ್ತೆ ಉರಿಸಿ.

ಪ್ರಶ್ನೆ: ಶಾಬ್ಲಿ, ಮರ್ಸೊ ಎರಡೂ ಫ್ರಾನ್ಸಿನ ಬರ್ಗಂಡಿಯವು, ದ್ರಾಕ್ಷಿಯೂ ಒಂದೇ. ಮೊದಲನೆಯದರಲ್ಲಿ ಮರದ ಸುಳಿವೇ ಇಲ್ಲವಲ್ಲ?
– ಮೈಸೂರಿನ ಓದುಗರು

ಉತ್ತರ: ಹೆಸರಿಗೆ ಒಂದೇ ಪ್ರಾಂತ. ಶಾಬ್ಲಿ ಇರುವುದು ನೂರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರಕ್ಕೆ. ಚಿಗುರು ಹಿಮಕ್ಕೆ ಸುಡುವಷ್ಟು ಚಳಿ, ಕಿಮ್ಮರಿಜಿಯನ್ ಎಂಬ ಪ್ರಾಚೀನ ಸುಣ್ಣಮಣ್ಣು, ತೆಳುವಾದ ಹುಳಿ ರಸ. ಅಂಥದ್ದನ್ನು ಹೊಸ ಓಕ್ ನುಂಗಿಬಿಡುತ್ತದೆ. ಹಾಗಾಗಿ ಹೆಚ್ಚಿನವರು ಸ್ಟೀಲ್ ಬಳಸುತ್ತಾರೆ, ಗ್ರಾನ್ ಕ್ರು ಎಂಬ ಅತ್ಯುನ್ನತ ದರ್ಜೆಯ ತೋಟಗಳ ಕೆಲವರು ಹಳೇ ಮರ. ಮರ್ಸೊ, ಅದರ ನೆರೆಯ ಪುಲಿನ್ಯಿ-ಮೊನ್‌ರಾಶೆಗಳ ರಸಕ್ಕೆ ಮೈಯಿದೆ, ಮರವನ್ನು ಹೊರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬಿಸಿಲು ಧಾರಾಳ, ಆದರೆ ರಷ್ಯನ್ ರಿವರ್, ಕಾರ್ನೆರೋಸ್‌ಗಳಲ್ಲಿ ಪೆಸಿಫಿಕ್‌ನಿಂದ ಬರುವ ಮಂಜು ಹುಳಿಯನ್ನು ಕಾಯುತ್ತದೆ. ಬಾಟಲಿಯ ಹೆಸರು ಮುಚ್ಚಿಟ್ಟು ನಡೆಸಿದ 1976ರ ಪ್ಯಾರಿಸ್ ರುಚಿಪರೀಕ್ಷೆಯಲ್ಲಿ ಬರ್ಗಂಡಿಯ ಬಿಳಿ ವೈನುಗಳನ್ನು ಹಿಂದಿಕ್ಕಿದ್ದು ಶಾಟೊ ಮಾಂಟೆಲೀನಾದ 1973ರ ಶಾರ್ಡೊನೆ. ವೈನರಿ ನಾಪಾದ್ದಾದರೂ ಹಣ್ಣು ಬಹುಪಾಲು ಸೊನೋಮಾದ್ದು! ಪಶ್ಚಿಮ ಆಸ್ಟ್ರೇಲಿಯಾದ ಮಾರ್ಗರೆಟ್ ರಿವರ್‌ನಲ್ಲಿ ಬೆಳೆಯುವ ಶಾರ್ಡೊನೆಯ ಜಿನ್‌ಜಿನ್ ತಳಿಯಲ್ಲಿ ಒಂದೇ ಗೊಂಚಲಲ್ಲಿ ದಪ್ಪ ಹಣ್ಣೂ ಸಣ್ಣ ಹಣ್ಣೂ ಇರುತ್ತವೆ. ಸಾಂದ್ರತೆ, ಹುಳಿ ಎರಡೂ ಅದರಿಂದಲೇ.

ಪ್ರಶ್ನೆ: ಅಗ್ಗದ ಬಾಟಲಿಯ ಮೇಲೆ ‘ಓಕ್ಡ್’ ಎಂದಿತ್ತು. ನಿಜಕ್ಕೂ ಪೀಪಾಯಿಯಲ್ಲಿ ಇಟ್ಟಿರುತ್ತಾರಾ?
– ಹುಬ್ಬಳ್ಳಿಯ ಓದುಗರು

ಉತ್ತರ: ಅನುಮಾನವೇ. ಒಂದು ಪೀಪಾಯಿಯಿಂದ ಸಿಗುವುದು ಸುಮಾರು 300 ಬಾಟಲಿ, ಹೊಸದಾದರೆ ಮರದ ಖರ್ಚೇ ಬೆಲೆಯಲ್ಲಿ ಎದ್ದು ಕಾಣುತ್ತದೆ. ಅಗ್ಗದ್ದಕ್ಕೆ ಟ್ಯಾಂಕಿನಲ್ಲಿ ಓಕ್ ಚೂರು ನೆನೆಹಾಕುತ್ತಾರೆ. ಯುರೋಪಿನಲ್ಲೂ 2006ರಿಂದ ಇದಕ್ಕೆ ಅನುಮತಿ ಇದೆ. ಚೂರು ವಾಸನೆ ಕೊಡುತ್ತದೆ, ಪೀಪಾಯಿಯಂತೆ ನಿಧಾನವಾಗಿ ಗಾಳಿ ಕೊಡುವುದಿಲ್ಲ. ಯಾವುದೇ ಆಗಲಿ, ಫ್ರಿಜ್ಜಿನಿಂದ ತೆಗೆದು 20–30 ನಿಮಿಷ ಬಿಟ್ಟು, 10–13 ಡಿಗ್ರಿಗೆ ಬಂದ ಮೇಲೆ ಕುಡಿಯಿರಿ.