ಒಂದೇ ಎಪಿಐ ನಿಧಾನ ಮಾಡಬೇಕಾದರೆ

ಕ್ರೋಮ್‌ನ ನೆಟ್‌ವರ್ಕ್ ಟ್ಯಾಬಿನಲ್ಲಿ 3ಜಿ ವೇಗ ಹಾಕಿದರೆ ಇಡೀ ಪುಟವೇ ತೆವಳುತ್ತದೆ, ಲೋಡ್ ಆಗುವಾಗ ತಿರುಗುವ ಸ್ಪಿನ್ನರ್ ಪರೀಕ್ಷಿಸಲು ನನಗೆ ಸರ್ಚ್ ಎಪಿಐ (ಹುಡುಕಾಟದ ವಿನಂತಿಗೆ ಸರ್ವರ್ ಉತ್ತರ ಕೊಡುವ ಭಾಗ) ಮಾತ್ರ ನಿಧಾನ ಆಗಬೇಕು ಅಂತ ಕೇಳಿದ್ದೀರಿ. ಹೌದು, ಆ ಸೆಟ್ಟಿಂಗ್ ಜಾವಾಸ್ಕ್ರಿಪ್ಟ್, ಚಿತ್ರ, ಫಾಂಟ್ ಯಾವುದನ್ನೂ ಬಿಡುವುದಿಲ್ಲ.

ಸರ್ವರ್ ನಿಮ್ಮದೇ, ಅದೂ ನೋಡ್‌ನ ಎಕ್ಸ್‌ಪ್ರೆಸ್ ಫ್ರೇಮ್‌ವರ್ಕ್‌ನಲ್ಲಿ ಬರೆದದ್ದು ಅಂದಿದ್ದೀರಲ್ವಾ? ಹಾಗಾದರೆ ಸುಲಭ. ಆ ಎಪಿಐನ ರೂಟ್‌ಗೆ ಒಂದು ಮಿಡಲ್‌ವೇರ್ (ಉತ್ತರ ಕೊಡುವ ಮುಂಚೆ ಓಡುವ ಫಂಕ್ಷನ್) ಹಾಕಿ, ಅದರೊಳಗೆ ಸೆಟ್‌ಟೈಮ್‌ಔಟ್‌ಗೆ ನೆಕ್ಸ್ಟ್ ಮತ್ತು 3000 ಕೊಡಿ. 3 ಸೆಕೆಂಡ್ ತಡ, ಸ್ಪಿನ್ನರ್ ಆರಾಮಾಗಿ ಕಾಣುತ್ತದೆ. ಸರ್ವರ್ ಮುಟ್ಟುವ ಹಾಗಿಲ್ಲದಿದ್ದರೆ ಬ್ರೌಸರ್ ಪರೀಕ್ಷೆಯ ಉಪಕರಣ ಪ್ಲೇರೈಟ್‌ನ ಪೇಜ್ ರೂಟ್‌ನಲ್ಲಿ ಆ ಯುಆರ್‌ಎಲ್ ಹಿಡಿದು, ಸ್ವಲ್ಪ ಕಾದು, ಆಮೇಲೆ ಕಂಟಿನ್ಯೂ ಮಾಡಿ.

ಆದರೆ ಪ್ರತಿ ಸಲ ಅದೇ 3 ಸೆಕೆಂಡ್ ಇಡಬೇಡಿ. 200 ಮಿಲಿಸೆಕೆಂಡಿನಿಂದ 4000ದ ತನಕ ರ‍್ಯಾಂಡಮ್ ಆಗಿರಲಿ. ಯಾಕೆಂದರೆ ನಿಜವಾದ ಬಗ್ ಇರೋದು ಸ್ಪಿನ್ನರ್‌ನಲ್ಲಲ್ಲ: ಬಳಕೆದಾರ ಮೊದಲು ‘ಮೈ’ ಅಂತ ಟೈಪ್ ಮಾಡಿ ಆಮೇಲೆ ‘ಮೈಸೂರು’ ಮುಗಿಸುತ್ತಾನೆ, ಎರಡನೆಯದರ ಉತ್ತರ ಬೇಗ ಬಂದು ಸರಿಯಾದ ಪಟ್ಟಿ ಕಾಣುತ್ತದೆ, ಅಷ್ಟರಲ್ಲಿ ‘ಮೈ’ಯ ಹಳೇ ಉತ್ತರ ತಡವಾಗಿ ಬಂದು ಅದರ ಮೇಲೆ ಕೂತುಬಿಡುತ್ತದೆ. ತಡ ಒಂದೇ ಸಮ ಇದ್ದರೆ ಉತ್ತರಗಳು ಸಾಲಾಗಿ ಬರುತ್ತವೆ, ಇದು ಸಾಮಾನ್ಯವಾಗಿ ಕಣ್ಣಿಗೇ ಬೀಳುವುದಿಲ್ಲ. ಹೊಸ ವಿನಂತಿ ಕಳಿಸುವಾಗ ಹಳೆಯದನ್ನು ಬ್ರೌಸರ್‌ನಲ್ಲೇ ಇರುವ ಅಬಾರ್ಟ್‌ಕಂಟ್ರೋಲರ್‌ನಿಂದ ರದ್ದು ಮಾಡಿ. ಸಬ್ಮಿಟ್ ಬಟನ್ ಕೂಡ ಹೀಗೇ ನೋಡಿ, ಉತ್ತರ ಬರೋ ಮುಂಚೆ ಎರಡು ಸಲ ಒತ್ತಿದರೆ ಎರಡು ಆರ್ಡರ್ ಆಗುತ್ತದಾ ಅಂತ.

ಲಿನಕ್ಸ್‌ನಲ್ಲಿ ಟಿಸಿ ನೆಟೆಮ್ (ನೆಟ್‌ವರ್ಕ್ ದಾರಿಯನ್ನೇ ನಿಧಾನ ಮಾಡುವ ಕಮಾಂಡ್) ಹಾಕಿ ಅಂತ ಯಾರಾದರೂ ಹೇಳಬಹುದು. ನಿಮ್ಮ ಕೆಲಸಕ್ಕೆ ಅದು ಜಾಸ್ತಿಯಾಯಿತು. ಲೂಪ್‌ಬ್ಯಾಕ್‌ಗೆ (ಕಂಪ್ಯೂಟರ್ ತನ್ನೊಳಗೇ ಮಾತಾಡುವ ನೆಟ್‌ವರ್ಕ್ ದಾರಿ) 500 ಮಿಲಿಸೆಕೆಂಡ್ ಹಾಕಿದರೆ ಹೋಗುವಾಗಲೂ ಬರುವಾಗಲೂ ಸೇರಿ 1 ಸೆಕೆಂಡ್ ಆಗುತ್ತದೆ, ಲೋಕಲ್ ಡೇಟಾಬೇಸ್ ಕೂಡ ಅದೇ ದಾರಿಯಲ್ಲಿದ್ದರೆ ಅದೂ ತೆವಳುತ್ತದೆ.